ದವಡೆಗಳಿಗೊಂದು ಬ್ಯಾಗು

ಪ್ಲಾಸ್ಟರಿನ ದವಡೆಗಳನ್ನು ಮೇಜಿನ ಮೇಲಿಟ್ಟು ಅಣ್ಣ ದೀಪ ಹತ್ತಿರಕ್ಕೆ ಎಳೆದಾಗಲೇ ತಂಗಿಗೆ ಗೊತ್ತಾಯಿತು, ಮತ್ತೆ ಮುಕ್ಕಾಗಿದೆ ಎಂದು. ಮುಂದಿನ ಹಲ್ಲುಗಳ ಅಂಚು ಇಲಿ ಕಡಿದಂತಾಗಿತ್ತು. ಅದು ನಿವೃತ್ತ ಕಂಡಕ್ಟರೊಬ್ಬರ ಬಾಯಿಯ ಅಚ್ಚು. ಅವರಿಗೆ ಹಿಂದಿನ ಹಲ್ಲುಗಳಿಲ್ಲ. ಹೊಸದನ್ನು ಕಟ್ಟಬೇಕಾದರೆ ಮುಂದಿನವು ಎಲ್ಲಿ ಹೇಗೆ ಕೂಡುತ್ತವೆ ಎಂಬುದು ಅಚ್ಚಿನಲ್ಲಿ ಸ್ಪಷ್ಟವಾಗಿ ಕಾಣಬೇಕು. ಈಗ ಅವರನ್ನು ಮತ್ತೆ ಕ್ಲಿನಿಕ್ಕಿಗೆ ಕರೆಸಿ, ಬಾಯಿ ತುಂಬ ಪೇಸ್ಟು ಮೆತ್ತಿ, ಎಲ್ಲವನ್ನೂ ಮೊದಲಿಂದ ಮಾಡಬೇಕು. ಹಿಂದಿನ ಸಲವೇ ಅವರು ಓಕರಿಕೆ ತಡೆಯಲಾರದೆ ಡಾಕ್ಟರ ಬೆರಳು ಕಚ್ಚಿದ್ದರು.

"ಸೋಮವಾರದಿಂದ ವ್ಯಾನಿನವನಿಗೆ ಹೇಳ್ತೀನಿ," ಎಂದ ಅಣ್ಣ. "ಕ್ಲಿನಿಕ್ಕಿಂದ ಅಚ್ಚುಗಳನ್ನ ಅವನೇ ತರ್ಲಿ. ನೀನು ಒಳಗೆ ಕೂತು ಪಾಲಿಶ್ ನೋಡ್ಕೋ."

ಅವನು ಕೂಗಾಡಿದ್ದರೆ ತಂಗಿಯೂ ಕೂಗಾಡಿ ಮುಗಿಸುತ್ತಿದ್ದಳು. ಆದರೆ ಅವನು ಮೆಲ್ಲಗೆ ಹೇಳಿದ. ಅಂದರೆ ಮನಸ್ಸಿನಲ್ಲಿ ನಿಶ್ಚಯ ಮಾಡಿಯಾಗಿತ್ತು.

ಹಲ್ಲುಸೆಟ್ಟು ಕಟ್ಟುವ ಆ ಕೋಣೆಗಿದ್ದದ್ದು ಒಂದೇ ಕಿಟಕಿ, ಅದೂ ಗಾಳಿಗೆ ಪುಡಿ ಹಾರದಿರಲೆಂದು ಸದಾ ಮುಚ್ಚಿರುತ್ತಿತ್ತು. ಮೇಣದ ವಾಸನೆ, ಪಾಲಿಶ್ ಮೋಟಾರಿನ ಗುಂಯ್ ಗುಂಯ್, ಬಾಗಿಲ ಪಕ್ಕದ ಮೊಳೆಯಲ್ಲಿ ತೀರಿಹೋದ ಅಪ್ಪನ ಏಪ್ರನ್. ಅದನ್ನು ಯಾರೂ ಮುಟ್ಟುವಂತಿಲ್ಲ. ದಿನಕ್ಕೆರಡು ಬಾರಿ ಸೈಕಲ್ ಹತ್ತಿ ಕ್ಲಿನಿಕ್ಕುಗಳನ್ನು ಸುತ್ತಿಬರುವಾಗಲೇ ಅವಳಿಗೆ ಜೀವ ಬಂದಂತಾಗುತ್ತಿತ್ತು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದೇ ಗಾಲಿ ಎಂದು. ಹೆಸರಿಟ್ಟವರೇ ಈಗ ಅವಳನ್ನು ಮೂಲೆಯಲ್ಲಿ ಕೂರಿಸಲು ಹೊರಟಿದ್ದರು, ನೋಡಿ.

"ತಪ್ಪು ಈ ಹಳೇ ಬ್ಯಾಗಿಂದು," ಎಂದಳು ಗಾಲಿ. "ಶನಿವಾರದೊಳಗೆ ಬೇರೆ ತಗೋತೀನಿ. ಆಮೇಲೂ ಒಡೆದ್ರೆ ಆ ವ್ಯಾನಿನವನನ್ನ ನಾನೇ ಕರ್ಕೊಂಡು ಬರ್ತೀನಿ."

"ಹಟಮಾರಿ," ಎಂದಳು ಅತ್ತಿಗೆ, ಮೇಣ ಕೆತ್ತುವುದನ್ನು ನಿಲ್ಲಿಸದೆ. ಅದು ಬೈಗುಳವೋ ಮೆಚ್ಚುಗೆಯೋ, ಆ ಅತ್ತಿಗೆಯ ಬಾಯಿಂದ ಬಂದರೆ ಹೇಳುವುದು ಕಷ್ಟ.

ಮಾರನೆಯ ದಿನ ಗಾಲಿ ಹಳೆಯ ಅಚ್ಚುಗಳನ್ನು, ಜೋಡಿಗೊಂದು ರಬ್ಬರ್ ಬ್ಯಾಂಡ್ ಬಿಗಿದಿದ್ದ ಹಾಗೆಯೇ, ಚೀಲಕ್ಕೆ ತುಂಬಿಕೊಂಡು ಬ್ಯಾಗಿನ ಅಂಗಡಿಗೆ ಹೋದಳು. ಅಂಗಡಿಯವರ ಮುಂದೆ ದವಡೆಗಳನ್ನು ಸಾಲಾಗಿ ಜೋಡಿಸಿದಾಗ ಅವರು ಕುರ್ಚಿ ಹಿಂದಕ್ಕೆ ತಳ್ಳಿದರು.

"ಹೆದರಬೇಡಿ, ಕಚ್ಚಲ್ಲ," ಎಂದಳು. "ಸೈಕಲ್ ಮೇಲೆ ಇವನ್ನ ಒಡೆಯದ ಹಾಗೆ ತರೋ ಬ್ಯಾಗ್ ಬೇಕು. ಓಡಿಸಿ ನೋಡೇ ತಗೋಳೋದು."

ಅಂಗಡಿಯ ಹಿಂದೆ ಕಲ್ಲುಹಾಸಿನ ಓಣಿಯಿತ್ತು. ಅದರಲ್ಲಿ ಸೈಕಲ್ ಓಡಿಸಿದರೆ ಸವಾರರ ಹಲ್ಲೇ ಕಟಕಟ ಎನ್ನುತ್ತಿತ್ತು. ಮೊದಲು ಹಿಂದಿನ ಚಕ್ರದ ಪಕ್ಕಕ್ಕೆ ತೂಗುವ ಬ್ಯಾಗು. ನೀರು ಇಳಿಯಲ್ಲ, ಬಣ್ಣ ಹೋಗಲ್ಲ ಎಂದು ಅಂಗಡಿಯವರು ಹಾಡಿಹೊಗಳಿದರು. ಒಂದು ಸುತ್ತು ಹಾಕಿ ತೆರೆದರೆ ಒಳಗೆ ಬಿಳಿ ಪುಡಿ. ಹ್ಯಾಂಡಲ್ಲಿಗೆ ಕಟ್ಟುವ ಬ್ಯಾಗಿನಲ್ಲಿ ಇನ್ನೂ ಹೆಚ್ಚು ಪುಡಿ. ಬೆನ್ನಿಗೆ ಹಾಕುವ ಬ್ಯಾಗು ವಾಸಿ. ಕುಲುಕಾಟವನ್ನೆಲ್ಲ ಮೈಯೇ ನುಂಗಿಕೊಳ್ಳುತ್ತಿತ್ತು. ಪುಡಿ ಕಡಿಮೆ, ಆದರೂ ಇತ್ತು. ಟವೆಲ್ ಸುತ್ತಿ ನೋಡಿದಳು, ಸ್ಪಂಜು ತುರುಕಿ ನೋಡಿದಳು. ಜಪ್ಪಯ್ಯ ಎಂದರೂ ಪುಡಿ ನಿಲ್ಲಲಿಲ್ಲ.

"ಅಮ್ಮಾ, ಇನ್ನು ಬೆನ್ನಿಗೆ ನನ್ನನ್ನೇ ಕಟ್ಕೊಂಡು ಹೋಗ್ಬೇಕು ನೀವು," ಎಂದರು ಅಂಗಡಿಯವರು, ಬೆವರು ಒರೆಸಿಕೊಳ್ಳುತ್ತ.

ಗಾಲಿಗೆ ನಗು ಬರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ದವಡೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಹೊರಮೈ ನೆಟ್ಟಗಿತ್ತು, ತಳದ ಮೂಲೆಗಳೂ ನೆಟ್ಟಗಿದ್ದವು. ಮೇಲಿನ ಹಲ್ಲು ಕೆಳಗಿನದಕ್ಕೆ ತಾಗುವ ಜಾಗ ಮಾತ್ರ ಸವೆದಿತ್ತು. ಚೀಲದಲ್ಲಿ ಜೋಡಿ ಕಳೆದುಕೊಂಡ ಒಂಟಿ ದವಡೆಯೊಂದಿತ್ತು. ಎಲ್ಲ ಬ್ಯಾಗುಗಳಲ್ಲೂ ಸುತ್ತಿಬಂದಿದ್ದ ಅದರ ಮೇಲೆ ಒಂದು ಗೀರೂ ಇಲ್ಲ.

ಅವಳು ತಲೆ ಚಚ್ಚಿಕೊಂಡಳು. ಮೇಲ್ದವಡೆ ಕೆಳದವಡೆಗಳನ್ನು ಕಚ್ಚಿಸಿ ರಬ್ಬರ್ ಬ್ಯಾಂಡ್ ಬಿಗಿದೇ ಇಡಬೇಕು ಎಂಬುದು ಅಪ್ಪನ ಕಾಲದ ಕಟ್ಟಳೆ. ಇಲ್ಲದಿದ್ದರೆ ಒಬ್ಬರ ಮೇಲ್ದವಡೆ ಇನ್ನೊಬ್ಬರ ಕೆಳದವಡೆಗೆ ಸೇರಿ ಗಿರಾಕಿಯ ಬಾಯಿ ಸಂತೆಯಾಗುತ್ತದೆ ಎನ್ನುತ್ತಿದ್ದರು. ಕಪಾಟಿನಲ್ಲಿ ಅದು ಸರಿ. ಆದರೆ ದಾರಿಯುದ್ದಕ್ಕೂ ಅವು ಒಂದನ್ನೊಂದು ಅರೆಯುತ್ತಿದ್ದವು. ಇಷ್ಟು ದಿನ ಬ್ಯಾಗೂ ಸೈಕಲ್ಲೂ ಸುಮ್ಮನೆ ಬೈಸಿಕೊಂಡಿದ್ದವು.

"ಬೆನ್ನಿಗೆ ಹಾಕೋದೇ ಬೇಕು," ಎಂದಳು ಎದ್ದು ನಿಂತು. "ಒಳಗೆ ನಡುವೆ ಗಟ್ಟಿ ಅಡ್ಡಹಲಗೆ ಇರ್ಬೇಕು. ಸೊಂಟಕ್ಕೆ ಪಟ್ಟಿ ಇರ್ಬೇಕು."

ಅಂಥದ್ದು ಒಂದೇ ಇತ್ತು, ಅಟ್ಟದ ಮೇಲೆ, ಒಣಗಿದ ಸಾಸಿವೆಪೇಸ್ಟಿನ ಬಣ್ಣದ್ದು. "ಇದನ್ನ ಯಾರೂ ಕಣ್ಣೆತ್ತಿ ನೋಡಿಲ್ಲಮ್ಮ," ಎಂದರು ಅಂಗಡಿಯವರು. ಗಾಲಿ ರಬ್ಬರ್ ಬ್ಯಾಂಡ್ ಬಿಚ್ಚಿ, ಹಲಗೆಯ ಈಚೆ ಮೇಲ್ದವಡೆ ಆಚೆ ಕೆಳದವಡೆ ಇಟ್ಟು ಸೊಂಟಪಟ್ಟಿ ಬಿಗಿದಳು. ಓಣಿ ಸುತ್ತಿಬಂದು ತೆರೆದಾಗ ಪುಡಿಯ ಸುಳಿವಿರಲಿಲ್ಲ.

ಅಣ್ಣ ಮಾತ್ರ ಜಗ್ಗಲಿಲ್ಲ. "ಜೋಡಿ ಬಿಡಿಸೋದಾ? ಅಪ್ಪ ಇದ್ದಿದ್ರೆ?"

"ಎರಡರ ತಳಕ್ಕೂ ಪೆನ್ಸಿಲ್ಲಲ್ಲಿ ಒಂದೇ ಗುರುತು ಹಾಕ್ತೀನಿ, ಅದಲುಬದಲಾಗಲ್ಲ. ಅಪ್ಪ ಒಂದು ದಿನವಾದ್ರೂ ಇವನ್ನ ಸೈಕಲ್ ಮೇಲೆ ತಂದಿದ್ರಾ ಅಣ್ಣ? ಆಗೆಲ್ಲ ಕ್ಲಿನಿಕ್ಕಿನವರೇ ಬಾಗಿಲಿಗೆ ತಂದುಕೊಡ್ತಿದ್ರು."

ಅಣ್ಣ ಏಪ್ರನ್ನಿನ ಕಡೆ ನೋಡಿದ. "ಕಂಡಕ್ಟರ್ ಇವತ್ತು ಅಚ್ಚಿಗೆ ಮತ್ತೆ ಬಾಯಿ ತೆರೆದಿದಾರೆ. ಇದೂ ಒಡೆದ್ರೆ ಅವರ ಮುಖ ನಾನು ಹೇಗೆ ನೋಡ್ಲಿ?"

"ಒಡೆದ್ರೆ ಸೋಮವಾರ ಪಾಲಿಶ್ ಮೇಜಿಗೆ ಬಂದು ಕೂರ್ತೀನಿ. ಒಂದು ಮಾತೂ ಆಡಲ್ಲ."

"ಅವಳು ಒಂದು ಮಾತೂ ಆಡಲ್ವಂತೆ! ಅದನ್ನ ನೋಡೋಕಾದ್ರೂ ಕಳಿಸಿ," ಎಂದಳು ಅತ್ತಿಗೆ.

ಕ್ಲಿನಿಕ್ಕಿನಿಂದ ಹೊರಟಾಗ ಗಾಲಿಯ ಬೆನ್ನ ಮೇಲೆ ಕಂಡಕ್ಟರರ ಹೊಸ ಅಚ್ಚಿತ್ತು. ನುಣ್ಣನೆಯ ರಸ್ತೆಯೊಂದಿತ್ತು, ಬಳಸಿ ಬರಬಹುದಿತ್ತು. ಅವಳು ದಿನಾ ಬರುವ ಗುಂಡಿಗಳ ದಾರಿಯನ್ನೇ ಹಿಡಿದಳು. ಒಂದು ದಿನ ಗೆದ್ದು ಅವಳಿಗೇನಾಗಬೇಕಿತ್ತು? ಪ್ರತಿ ಗುಂಡಿಗೂ ಸೀಟಿನಿಂದ ಎದ್ದು, ಮೊಣಕಾಲು ಬಾಗಿಸಿ, ಉಸಿರು ಬಿಗಿಹಿಡಿದು ಬಂದಳು.

ಅಣ್ಣ ಬ್ಯಾಗನ್ನು ತಾನೇ ತೆರೆದ. ದವಡೆಗಳನ್ನು ಹೊರಗಿಟ್ಟು, ಒಳಮೂಲೆಗಳಲ್ಲೆಲ್ಲ ಬೆರಳಾಡಿಸಿ, ಬೆರಳನ್ನು ದೀಪಕ್ಕೆ ಹಿಡಿದು ನೋಡಿದ. ಏನೂ ಅಂಟಿರಲಿಲ್ಲ. ತಳದ ಗುರುತು ನೋಡಿ ಎರಡನ್ನೂ ಕೂಡಿಸಿದ. ಹಲ್ಲಿಗೆ ಹಲ್ಲು ಸರಿಯಾಗಿ ಕೂತಿತು. ಆಮೇಲೆ ರಬ್ಬರ್ ಬ್ಯಾಂಡ್ ಬಿಗಿದು ಕಪಾಟಿನಲ್ಲಿಟ್ಟ. ಮೇಜು ಒರೆಸಲು ಹೊರಟ. ಗಾಲಿಗೆ ಸಿಟ್ಟು ಬರತೊಡಗಿತು.

ಅಷ್ಟರಲ್ಲಿ ಅಣ್ಣ ಬಾಗಿಲ ಬಳಿಗೆ ಹೋದ. ಅಪ್ಪನ ಏಪ್ರನ್ನನ್ನು ಮೊಳೆಯಿಂದ ತೆಗೆದು, ಪುಡಿ ಕೊಡವಿ, ಮಡಿಸಿ, ಅತ್ತಿಗೆಯ ಕೈಗೆ ಕೊಟ್ಟ. ಆ ಮೊಳೆಗೆ ಸಾಸಿವೆ ಬಣ್ಣದ ಬ್ಯಾಗನ್ನು ತೂಗುಹಾಕಿದ.

ಜೋಲುತ್ತಿದ್ದ ಸೊಂಟಪಟ್ಟಿಯನ್ನು ಗಾಲಿ ಮಡಿಸಿ ಸಿಕ್ಕಿಸಿದಳು.

"ಸೋಮವಾರ ಎಷ್ಟು ಹೊತ್ತಿಗೆ ಹೊರಡ್ತೀಯ?" ಎಂದು ಕೇಳಿದ ಅಣ್ಣ.