ಹುರಿ ಬಿಚ್ಚದ ತುದಿ

ಶವಪೆಟ್ಟಿಗೆಯ ಹಿಡಿಗಳಿಗೆ ಹಗ್ಗ ಪೋಣಿಸುತ್ತಿದ್ದ ಗಿಲ್ಬರ್ಟ್ ಮುದುಕನ ಮುಂದೆ ಹೆಸ್ಟರ್ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಗೇಣುದ್ದದ ಹಗ್ಗದ ತುಂಡು, ಟಾರು ಹತ್ತಿ ಕಪ್ಪಾದದ್ದು. ಸತ್ತ ಗಂಡ ಏಮೋಸನಿಗೆ ತೊಡಿಸಲು ಒಳ್ಳೆಯ ಅಂಗಿ ಹುಡುಕುವಾಗ ಅವನ ಬಟ್ಟೆಪೆಟ್ಟಿಗೆಯ ತಳದಲ್ಲಿ ಸಿಕ್ಕಿತ್ತು.

ಹೊರಲು ಬಂದ ಹಡಗುಕಟ್ಟೆಯ ಮೂವರು ಬಾಗಿಲಾಚೆ ಮುಸಿಮುಸಿ ನಗುತ್ತಿದ್ದರು. ಹಗ್ಗ ಸಡಿಲವಿದ್ದರೆ ಏಮೋಸ್ ಎದ್ದು ಬಂದು, ತಾನೇ ಬಿಗಿದು, ಮತ್ತೆ ಮಲಗುತ್ತಾನೆ ಎಂದ ಒಬ್ಬ. ಪೋರ್ಟ್ಸ್‌ಮತ್ತಿನಲ್ಲಿ ಯುದ್ಧನೌಕೆಗಳ ಪಟಸ್ತಂಭಗಳಿಗೆ ನಲವತ್ತು ವರ್ಷ ಹಗ್ಗ ಬಿಗಿದವನು ಏಮೋಸ್. ಗಂಟನ್ನು ಮೂರು ಸಲ ಜಗ್ಗದೆ ಕೈ ತೆಗೆದವನಲ್ಲ. ಹೆಂಡತಿಯ ಬೂಟಿನ ದಾರವನ್ನೂ ಬಿಡುತ್ತಿರಲಿಲ್ಲ.

"ಇದು ಅಣ್ಣ ಬಿದ್ದ ದಿನದ್ದೇನಾ?" ಹೆಸ್ಟರ್ ಕೇಳಿದಳು.

ಗಿಲ್ಬರ್ಟ್ ಹಗ್ಗವನ್ನು ಮುಂದಿನ ಹಿಡಿಗೆ ತೂರಿಸಿದ.

*

ಮೂವತ್ತು ವರ್ಷದ ಹಿಂದೆ ಅವಳ ಅಣ್ಣ ನೇಥನ್ ಸ್ತಂಭದ ಅಡ್ಡಮರದಿಂದ ಬಿದ್ದು ಸತ್ತಿದ್ದ. ಹಾಯಿಪಟ ಸುತ್ತುವಾಗ ಕಾಲಿಡುವ ಹಗ್ಗವೇ ಕೈಕೊಟ್ಟಿತು. ಒಳಗೇ ಕೊಳೆತಿತ್ತು, ತುಂಡಾಯಿತು ಎಂದು ಅವರ ಜೊತೆ ದುಡಿಯುತ್ತಿದ್ದ ಗಿಲ್ಬರ್ಟ್ ಸುದ್ದಿ ತಂದ. ವಿಚಾರಣೆಯಲ್ಲೂ ಬೈಬಲ್ ಮುಟ್ಟಿ ಹಾಗೇ ಹೇಳಿದ. ಜೊತೆಗಿದ್ದ ಏಮೋಸ್ ಟೋಪಿ ಹಿಂಡುತ್ತ ನಿಂತಿದ್ದ. ಆಮೇಲೆ ಪ್ರತಿ ಶನಿವಾರ ಹಡಗುಕಟ್ಟೆಯ ಮರದ ಚಕ್ಕೆಗಳ ಹೊರೆ ತಂದು ಅವಳ ಒಲೆಯ ಪಕ್ಕ ಇಳಿಸಿ ಹೋಗುತ್ತಿದ್ದ. ಎರಡನೆಯ ಚಳಿಗಾಲಕ್ಕೆ ಮದುವೆಯಾದರು.

ಊಟವಾದ ಮೇಲೆ ಅವನು ಕುರ್ಚಿಯ ಕಾಲಿಗೆ ದಾರ ಕಟ್ಟುತ್ತಿದ್ದ. ದಿನಾ ಅದೇ ಗಂಟು. ಕಟ್ಟುವುದು, ಜಗ್ಗುವುದು, ಬಿಚ್ಚುವುದು.

"ಯಾಕೆ ಅದನ್ನ ಹಂಗೆ ಪೀಡಿಸ್ತೀಯಾ?" ಎಂದು ಅವಳು ರೇಗಿಸಿದ್ದಳು.

"ನಾನಲ್ಲ, ಅದೇ ನನ್ನ ಪೀಡಿಸ್ತದೆ."

ಸಾಯುವಾಗ ಕೇಳಿದ್ದು ಒಂದೇ: ನೇಥನ್‌ನ ಗುಂಡಿಯಲ್ಲೇ ತನ್ನನ್ನೂ ಇಡಬೇಕು.

*

"ತುಂಡಾದ ಹಗ್ಗ ಕುದುರೆಬಾಲದ ಹಂಗೆ ಕೆದರಿಕೊಳ್ತದೆ ಅಂತ ಕಲಿಸಿದ್ದು ಅವನೇ," ಎಂದಳು ಹೆಸ್ಟರ್. "ಇದನ್ನ ನೋಡು."

ಎಳೆ ಬಿಚ್ಚದಂತೆ ತುದಿಗೆ ಸುತ್ತಿದ ಮೇಣದ ದಾರ ಇನ್ನೂ ಹಾಗೇ ಇತ್ತು. ಒಂದು ಎಳೆಯೂ ಕೆದರಿರಲಿಲ್ಲ.

"ಗಂಟು ಜಾರ್ತು, ತಾಯಿ," ಎಂದ ಗಿಲ್ಬರ್ಟ್. "ಕಟ್ಟಿದ್ದು ಅವನು. ನಿಂಗೆ ಹೇಳಿಬಿಡ್ತೀನಿ ಅಂತ ಹೊರಟಿದ್ದ. ಬಾಯಿ ಮುಚ್ಚಿಸಿದ್ದು ನಾನು."

"ಇಪ್ಪತ್ತೆಂಟು ವರ್ಷ ಬಡಿಸಿದೀನಿ ಅವನಿಗೆ."

ಬೇಲಿಯ ಹತ್ತಿರ ಬೇರೆ ಜಾಗವಿದೆ, ಈಗಲೂ ತೋಡಿಸಬಹುದು ಎಂದು ಗಿಲ್ಬರ್ಟ್ ಮೆಲ್ಲಗೆ ಹೇಳಿದ. ಅವಳು ಹಗ್ಗದ ತುಂಡನ್ನು ಮತ್ತೆ ಮುಷ್ಟಿಯಲ್ಲಿ ಮುಚ್ಚಿಕೊಂಡು ಪೆಟ್ಟಿಗೆಯ ಹಿಂದೆ ನಡೆದಳು. ಬಂದರಿನಲ್ಲಿ ಗಾಳಿಗೆ ಸಿಕ್ಕ ನೂರಾರು ಹಗ್ಗಗಳು ಒಂದೇ ಸ್ವರದಲ್ಲಿ ಗುಂಯ್ಗುಡುತ್ತಿದ್ದವು. ಎಲ್ಲೋ ಸಡಿಲಾದ ಒಂದು ಮಾತ್ರ ಮರಕ್ಕೆ ಬಡಿಯುತ್ತಿತ್ತು. ದಾರಿಯುದ್ದಕ್ಕೂ ಅವಳಿಗೆ ಕೇಳಿಸಿದ್ದು ಅದೊಂದೇ.

ಅಣ್ಣನ ಗುಂಡಿ ಬಾಯಿ ತೆರೆದಿತ್ತು. ಪೆಟ್ಟಿಗೆಯನ್ನು ಅದರ ಮೇಲೆ ತೂಗಿ ಹಿಡಿದು ನಾಲ್ವರೂ ಅವಳ ಮುಖ ನೋಡಿದರು. ತಲೆಯ ಕಡೆಯ ಹಗ್ಗದ ಒಂದು ತುದಿ ಗಿಲ್ಬರ್ಟನ ಕೈಯಲ್ಲಿತ್ತು.

"ಇಲ್ಲಿ ಕೊಡು," ಎಂದಳು ಹೆಸ್ಟರ್.

ಹೆಂಗಸು ಹಗ್ಗ ಹಿಡಿದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಗಿಲ್ಬರ್ಟ್ ಕೊಟ್ಟ. ಕೈಯ ತುಂಡು ಹುಲ್ಲಿಗೆ ಬಿತ್ತು. ಆ ತುದಿಯ ಪೂರಾ ಭಾರ ಅವಳ ಅಂಗೈಗೆ ಬಂತು. ಬೆರಳು ಸಡಿಲಿಸಿದರೆ ಸಾಕಿತ್ತು. ಅವಳು ಒಂದು ಸಲ ಜಗ್ಗಿದಳು. ಎರಡು. ಮೂರು. ಆಮೇಲೆ ಗೇಣು ಗೇಣಾಗಿ ಇಳಿಸಿದಳು, ಕೆಳಗೆ ಮರಕ್ಕೆ ಮರ ತಾಗಿದ ಸದ್ದು ಕೇಳುವವರೆಗೆ.

ಎದುರಿನವನು ತನ್ನ ತುದಿ ಬಿಟ್ಟ. ಅವಳು ಎಳೆದುಕೊಂಡಳು. ಪೆಟ್ಟಿಗೆಯ ಹಿಡಿಗಳಿಂದ ಜಾರಿ, ಹಸಿಮಣ್ಣು ಮೆತ್ತಿಕೊಂಡು, ಹಗ್ಗದ ಕೊನೆ ಮೇಲೆ ಬಂತು. ಒಂದು ಎಳೆಯೂ ಕೆದರಿರಲಿಲ್ಲ.