ಬಿಗಿ ಎನ್ನಲೊಲ್ಲದ ದರ್ಜಿ

ದರ್ಜಿಗೆ ಈ ಜಗತ್ತಿನಲ್ಲಿ ಆಗಿಬರದ ಪ್ರಾಣಿ ಒಂದೇ: ಹೊಲಿಸಿಕೊಂಡು ಹೋದ ಬಟ್ಟೆಯನ್ನು ಮತ್ತೆ ಹೊತ್ತು ತರುವ ಗಿರಾಕಿ. ‘ತೋಳು ಬಿಗಿ’ ಎಂದು ಬಂದವರಿಗೆಲ್ಲ ಮೂವತ್ತು ವರ್ಷದಿಂದ ಅವನದು ಒಂದೇ ಉತ್ತರ: “ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ, ಹೋಗಿ.” ಎರಡೂ ಶ್ವಾಸಕೋಶ ಬದಲಾಯಿಸಿಕೊಂಡು ಬಂದ ನಾಲ್ಕನೇ ತಿಂಗಳಿಗೆ, ಮೆಟ್ಟಿಲು ಹತ್ತುವಾಗ ಏದುಸಿರು ಶುರುವಾದಾಗ, ತನಗೂ ಅದನ್ನೇ ಹೇಳಿಕೊಂಡ.

ಎದೆಯೊಳಗೆ ಹೊಲಿಗೆ ಹಾಕಿದ ಡಾಕ್ಟರು ಅವನ ಪಾಲಿಗೆ ದೇವರು. ಅದಕ್ಕಿಂತ ಹೆಚ್ಚಾಗಿ, ಕಸುಬಿನವರು. ಒಬ್ಬರ ಹೊಲಿಗೆಯನ್ನು ಇನ್ನೊಬ್ಬರು ಮುಖದ ಮೇಲೆ ಹಳಿಯಬಾರದು ಎಂಬುದು ದರ್ಜಿಯ ನೇಮ. ಎದುರಂಗಡಿಯವನ ಪ್ಯಾಂಟಿನ ಒಂದು ಕಾಲು ಗಿಡ್ಡವಾದಾಗಲೂ “ಗಿರಾಕಿಯ ಕಾಲೇ ಹಾಗೆ” ಎಂದು ವಾದಿಸಿದ ಮಹಾನುಭಾವ ಇವನು.

ಮನೆ ಅಂಗಡಿಯ ಮೇಲೆಯೇ. ಹದಿನಾರು ಮೆಟ್ಟಿಲು. ಆರನೆಯದರಲ್ಲಿ ನಿಂತು ಚಪ್ಪಲಿಯ ಪಟ್ಟಿ ಸರಿಮಾಡುವ ನಾಟಕ, ಹನ್ನೊಂದರಲ್ಲಿ ಗೋಡೆಯ ಬಿರುಕಿನ ಪರೀಕ್ಷೆ. ಕೆಳಗೆ ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತ ಕೂತ ಹೆಂಡತಿ ಎಲ್ಲವನ್ನೂ ಕಣ್ಣಂಚಿನಲ್ಲೇ ಅಳೆಯುತ್ತಿದ್ದಳು.

“ರೀ, ತುಟಿ ನೀಲಿ ಆಗಿದೆ.”

“ಸೀಮೆಸುಣ್ಣ ಕಣೇ. ಬಾಯಲ್ಲಿ ಕಚ್ಕೊಂಡಿದ್ದೆ.”

“ನಮ್ಮಂಗಡೀಲಿ ಇರೋದು ಬರೀ ಬಿಳೀ ಸೀಮೆಸುಣ್ಣ!”

ಮರುದಿನವೇ ಗಂಡನನ್ನು ಆಸ್ಪತ್ರೆಗೆ ಎಳೆದೊಯ್ದಳು.

“ಹೇಗಿದ್ದೀರಿ?” ಎಂದರು ಡಾಕ್ಟರು.

“ಫಸ್ಟ್‌ಕ್ಲಾಸ್... ಫಿಟ್ಟಿಂಗ್... ಸರ್,” ಎಂದ ದರ್ಜಿ. ಮೂರು ಮಾತಿಗೆ ಮೂರು ಸಲ ಉಸಿರೆಳೆದುಕೊಂಡ.

ಡಾಕ್ಟರು ನೇರವಾಗಿ ಸ್ಕ್ಯಾನ್‌ಗೆ ಕಳಿಸಿದರು. ಮಧ್ಯಾಹ್ನ ಪರದೆ ತಿರುಗಿಸಿ ತೋರಿಸಿದರು: ಹೃದಯದಿಂದ ಎಡ ಶ್ವಾಸಕೋಶಕ್ಕೆ ಹೋಗುವ ರಕ್ತನಾಳ, ಹಳೆಯದಕ್ಕೆ ಹೊಸದನ್ನು ಸೇರಿಸಿ ಹೊಲಿದ ಕಡೆ ಕಿರಿದಾಗಿತ್ತು. ದರ್ಜಿಗೆ ವಿವರಣೆ ಬೇಕಿರಲಿಲ್ಲ. ಲಾಡಿ ಎಳೆದ ಪೈಜಾಮದ ಹಾಗೆ ಸುತ್ತಲೂ ಸುಕ್ಕುಗಟ್ಟಿ ನಿಂತಿತ್ತು.

“ಹೊಲಿಗೇದು ಏನೂ ತಪ್ಪಿಲ್ಲ ಸರ್,” ಎಂದ. “ನನ್ನ ನಾಳಾನೇ ಹಾಗೆ.”

ಹೆಂಡತಿಯ ತಾಳ್ಮೆಯ ಕಟ್ಟೆ ಒಡೆಯಿತು. “ಇನ್ನೊಬ್ಬರ ಮರ್ಯಾದೆ ಕಾಯ್ತಾ ಸಾಯ್ತೀರಾ? ನೀವು ಹೋದ್ಮೇಲೆ ನಾನು ಯಾರ ಹತ್ರ ಜಗಳ ಆಡ್ಲಿ? ಬಿಗಿ ಆಗಿದೆ ಅಂತ ಹೇಳ್ರೀ!”

ದರ್ಜಿ ತಲೆ ತಗ್ಗಿಸಿದ. ಕಳ್ಳತನ ಒಪ್ಪಿಕೊಳ್ಳುವವನ ದನಿಯಲ್ಲಿ ಹೇಳಿದ: “ಬಿಗಿ ಆಗಿದೆ ಸರ್. ತುಂಬಾ. ರಾತ್ರಿ ಮಲಗೋಕೂ ಭಯ ಆಗುತ್ತೆ.”

“ಇದನ್ನ ತಿಂಗಳ ಹಿಂದೆ ಹೇಳೋಕೇನಾಗಿತ್ತು?” ಎಂದರು ಡಾಕ್ಟರು. “ಹೊಲಿಗೆ ಹಾಕಿದ ಮೇಲೆ ಕೆಲವರಿಗೆ ಹೀಗಾಗುತ್ತೆ. ಸರಿ ಮಾಡೋಕೆ ದಾರಿ ಇದೆ. ಆದ್ರೆ ನೀವು ಹೇಳದೆ ನನಗೆ ಗೊತ್ತಾಗೋದು ಹೇಗೆ?”

ತೊಡೆಯ ಸಂದಿಯಿಂದ ತಂತಿ ತೂರಿಸಿ, ಕಿರಿದಾದ ಜಾಗದಲ್ಲಿ ಪುಟ್ಟ ಬಲೂನು ಉಬ್ಬಿಸಿ, ಮತ್ತೆ ಮುದುಡದಂತೆ ಜಾಲರಿಯ ಕೊಳವೆ ಕೂರಿಸಿದರು.

ದರ್ಜಿ ಕಣ್ಣು ಬಿಟ್ಟಾಗ ಹೆಂಡತಿ ಪಕ್ಕದಲ್ಲೇ ಇದ್ದಳು. ಅವನು ಅನುಮಾನದಿಂದಲೇ ಉಸಿರೆಳೆದ. ಉಸಿರು ತಳದವರೆಗೂ ಹೋಯಿತು.

“ಈ ದಿಂಬು ಕಲ್ಲು ಕಣೇ, ಹಾಲು ತಣ್ಣಗಿದೆ, ಫ್ಯಾನು ಕಿರ್ ಅನ್ನುತ್ತೆ, ಈ ಆಸ್ಪತ್ರೆ ಅಂಗಿ ಯಾವ ಪುಣ್ಯಾತ್ಮ ಹೊಲಿದನೋ, ಬೆನ್ನೇ ಇಟ್ಟಿಲ್ಲ!” ಎಂದ, ಎಲ್ಲವನ್ನೂ ಒಂದೇ ಉಸಿರಿಗೆ.

“ಇನ್ನೇನಿದೆ, ಹೇಳ್ರೀ,” ಎಂದು ಹೆಂಡತಿ ಮಂಚದ ಅಂಚಿನಲ್ಲಿ ಕೂತು ಗಳಗಳನೆ ಅತ್ತಳು.