ತಂಗಿಯ ಸುಳ್ಳು

ಲಾಂಡ್ರಿಯಲ್ಲಿ ಬಟ್ಟೆ ವಿಂಗಡಿಸುವ ಅಕ್ಕನಿಗೆ ದೇವರಿಗಿಂತ ತನ್ನ ಮೂಗಿನ ಮೇಲೇ ಹೆಚ್ಚು ನಂಬಿಕೆ. ಯಾವ ಅಂಗಿಗೆ ಬರೀ ಬೆವರು, ಯಾವುದಕ್ಕೆ ಎಣ್ಣೆ, ಯಾವುದರ ಮೇಲೆ ಹೆಂಡ ಚೆಲ್ಲಿದೆ ಎಂದು ಒಗೆಯುವವರಿಗೆ ಮೊದಲೇ ಹೇಳುವುದು ಅವಳ ಕೆಲಸ. ಭಾನುವಾರ ತಂಗಿಯ ಮನೆಯಿಂದ ಬಂದ ಚಿಲಿಪಿಯ ಫ್ರಾಕನ್ನು ಮೂಸಿದವಳೇ "ಸಿಕ್ಕಿಬಿದ್ಲು ಕಳ್ಳಿ" ಎಂದುಕೊಂಡಳು. ಫ್ರಾಕಿನ ತುಂಬ ಸ್ಪಿರಿಟ್ ವಾಸನೆ.

ಚಿಲಿಪಿ ತಂಗಿಯ ಮಗಳು. ಅವಳು ಹೊಟ್ಟೆಯಲ್ಲಿದ್ದಾಗಲೂ ತಂಗಿ ಕುಡಿದವಳೇ. ಹೆತ್ತ ಮೇಲೆ ಚಿಕಿತ್ಸೆಗೆ ಸೇರಿದಳು, ಕೂಸು ಅಕ್ಕನ ಮಡಿಲಿಗೆ ಬಂತು. ತಂಗಿ ಕುಡಿತ ಬಿಟ್ಟು ವರ್ಷಗಳಾದವಂತೆ. ಆ 'ಅಂತೆ'ಯನ್ನು ಅಕ್ಕ ಒತ್ತಿಯೇ ಹೇಳುತ್ತಾಳೆ. ನಾಯಿಬಾಲ ಎಂದಿದ್ದರೂ ಡೊಂಕೇ. ಮಗು ಇನ್ನು ಯಾರ ಬಳಿ ಇರಬೇಕೆಂದು ಮುಂದಿನ ತಿಂಗಳು ಕೋರ್ಟು ತೀರ್ಮಾನಿಸಲಿದೆ, ಡಾಕ್ಟರ ಮಾತಿಗೆ ಅಲ್ಲಿ ಬೆಲೆಯಿದೆ. ಚಿಲಿಪಿಗೋ ಒಂದು ಹೋದರೆ ಇನ್ನೊಂದು: ಕಿವಿ ಸೋರುವುದು, ಬಿಡದ ಕೆಮ್ಮು, ಮಾಯದ ಹುಣ್ಣು. ತಂಗಿಯ ಮನೆಗೆ ಹೋಗಿ ಬಂದರಂತೂ ಜ್ವರ ಕಟ್ಟಿಟ್ಟದ್ದು.

ವಾಸನೆ ಹಾರಿಹೋಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ತಂದ ಫ್ರಾಕನ್ನು ಅಕ್ಕ ಡಾಕ್ಟರಮ್ಮನ ಮೇಜಿನ ಮೇಲಿಟ್ಟಳು.

"ಮೂಸಿ ನೋಡಿ ಡಾಕ್ಟ್ರೇ."

ಡಾಕ್ಟರಮ್ಮ ಮೂಸಲಿಲ್ಲ. ಪಕ್ಕದಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ತಂಗಿ ಕೈ ಚಾಚಿದಳು. ಉಗುರಿನ ಸಂದಿಯೆಲ್ಲ ಕಂದು.

"ಕುರ್ಚಿ ಪಾಲಿಶ್ ಅಕ್ಕಾ. ಅದಕ್ಕೆ ಸ್ಪಿರಿಟ್ ಬೆರೆಸ್ತೀವಿ. ನಾನು ಮರಗೆಲಸದ ಅಂಗಡೀಲಿ ಕೆಲಸಕ್ಕೆ ಸೇರಿದ್ದು ನಿಂಗೊತ್ತಲ್ಲ."

ಕಳ್ಳನಿಗೊಂದು ಪಿಳ್ಳೆ ನೆವ, ಎಂದುಕೊಂಡಳು ಅಕ್ಕ. ಕುಡಿದ ವಾಸನೆ ಮುಚ್ಚಲೆಂದೇ ಆ ಕೆಲಸ ಹಿಡಿದಿದ್ದರೆ?

"ಬಸುರಿಯಾಗಿದ್ದಾಗ ಕುಡೀತಿದ್ರಾ?" ಡಾಕ್ಟರಮ್ಮ ತಂಗಿಯನ್ನು ಕೇಳಿದರು.

"ಹೂಂ. ದಿನಾ."

ಸುಳ್ಳನ್ನು ಹಿಡಿಯಲು ಹೊಂಚು ಹಾಕಿದ್ದ ಅಕ್ಕನಿಗೆ ಪಿಚ್ಚೆನಿಸಿತು.

"ತಾಯಿ ಕುಡಿದದ್ದು ಹೊಟ್ಟೇಲಿರೋ ಮಗೂಗೂ ಮುಟ್ಟುತ್ತೆ. ರೋಗ ತಡೆಯೋ ಶಕ್ತಿ ಸರಿಯಾಗಿ ಬೆಳೀದೆ ಹೋಗಬಹುದು. ಹುಟ್ಟಿದ ಮೇಲೂ ಹೆದರಿಕೆ, ಅಗಲಿಕೆ ಅಂತ ಒದ್ದಾಡಿದ್ರೆ ಅದು ಇನ್ನಷ್ಟು ಕುಗ್ಗಬಹುದು. ಇದೇ ಕಾರಣ ಅಂತ ಖಂಡಿತವಾಗಿ ಹೇಳೋಕಾಗಲ್ಲ, ಆದ್ರೆ ನಂಗೆ ಗೊತ್ತಿರ್ಬೇಕು. ಎಳೇ ವಯಸ್ಸಲ್ಲಿ ಮಗು ಒಂದೇ ಕಡೆ ಇತ್ತಾ?"

ಅಕ್ಕ ತಂಗಿಯ ಮುಖ ನೋಡಿದಳು. ಇರಲಿಲ್ಲ. ಚಿಕಿತ್ಸೆ ಮುಗಿಸಿದ ತಂಗಿ ಬರುತ್ತಾಳೆಂದು ಸುಳಿವು ಸಿಕ್ಕಾಗಲೆಲ್ಲ ಅಕ್ಕ ಕೂಸನ್ನು ಬಚ್ಚಿಡುತ್ತಿದ್ದಳು. ಒಮ್ಮೆ ಅತ್ತೆಯ ಮನೆ, ಒಮ್ಮೆ ಗೆಳತಿಯ ಮನೆ, ಒಮ್ಮೆ ಪರಿಚಯವೇ ಇಲ್ಲದ ಯಾರದೋ ಕೋಣೆ. ಅಲ್ಲೆಲ್ಲ ಅದು ಗಂಟಲು ಕಟ್ಟುವವರೆಗೆ ಅತ್ತಿತ್ತು. ತಂಗಿ ಆ ಬಾಗಿಲುಗಳನ್ನೆಲ್ಲ ತಟ್ಟಿ ತಟ್ಟಿ ಹಿಂದಿರುಗಿದ್ದಳು. ಇವತ್ತು ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾಳೆ ಎಂದು ಅಕ್ಕ ಸೆರಗು ಬಿಗಿಹಿಡಿದಳು.

"ಮನೆ ಮನೆ ಅಲೆದಿದೆ ಡಾಕ್ಟ್ರೇ," ಎಂದಳು ತಂಗಿ. "ನಾನೇ ಎಳ್ಕೊಂಡು ಅಲೆದೆ. ಅಕ್ಕನ ಹತ್ರ ಬಂದ್ಮೇಲೇ ಅದಕ್ಕೆ ನೆಮ್ಮದಿ."

ಇದರಲ್ಲೇನು ಮಸಲತ್ತು? ಅಕ್ಕ ಹುಡುಕಿದಳು. ಎಷ್ಟು ಹುಡುಕಿದರೂ ತಂಗಿಗೆ ಲಾಭ ಕಾಣಲಿಲ್ಲ. ಈ ಮಾತು ಕೋರ್ಟಿಗೆ ಹೋದರೆ ಮಗು ಅಕ್ಕನದೇ. ತಂಗಿ ಸುಮ್ಮನಿದ್ದಿದ್ದರೂ ಸಾಕಿತ್ತು, ತನಗೆ ಕೆಡುಕಾಗುತ್ತಿರಲಿಲ್ಲ. ನಾಚಿಕೆಯಿಂದ ಅಕ್ಕನ ಮೈ ಕುಗ್ಗಿಹೋಯಿತು.

ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು.

"ಬರೀಬೇಡಿ," ಎಂದಳು ಅಕ್ಕ. "ಇವಳು ಸುಳ್ಳು ಹೇಳ್ತಿದಾಳೆ."